ನಮ್ಮ ಹೊಲದ ಬಿಸಿಲು ರಾತ್ರಿಗೂ ಉಳಿಯಲಿ: ಇಂಧನ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಇಂಧನ ಸಚಿವರಿಗೆ,

ನಮಸ್ಕಾರಗಳು.

ನಾನು ಚಿತ್ರದುರ್ಗ ಜಿಲ್ಲೆ ಹಿರಿಯೂರು ತಾಲ್ಲೂಕಿನ ಒಬ್ಬ ರೈತ ಮಹಿಳೆ. ನಮ್ಮದು ಎಂಟು ಎಕರೆ. ಮೂರು ಎಕರೆಯಲ್ಲಿ ದಾಳಿಂಬೆ, ಉಳಿದದ್ದರಲ್ಲಿ ಶೇಂಗಾ, ತೊಗರಿ. ಕೊಟ್ಟಿಗೆಯಲ್ಲಿ ನಾಲ್ಕು ಸೀಮೆ ಹಸು. ಊರು ಬಿಟ್ಟು ಹೊಲದಲ್ಲೇ ಮನೆ ಕಟ್ಟಿಕೊಂಡವರು ನಾವು. ಹತ್ತಿರದ ಕರೆಂಟು ಕಂಬ ನಮ್ಮ ಬಾಗಿಲಿನಿಂದ ಒಂದು ಕಿಲೋಮೀಟರಿಗೂ ಆಚೆ ಇದೆ. ಹಾಗಾಗಿ ನಮ್ಮ ಮನೆಗೆ ಮೀಟರಿಲ್ಲ, ಆರ್‌ಆರ್ ನಂಬರಿಲ್ಲ, ತಿಂಗಳ ಬಿಲ್ಲೂ ಇಲ್ಲ. ಆದರೂ ಮನೆಯಲ್ಲಿ ದೀಪ ಉರಿಯುತ್ತದೆ, ಫ್ರಿಜ್ ಓಡುತ್ತದೆ, ಹಸುವಿಗೆ ಹಾಲು ಕರೆಯುವ ಯಂತ್ರ ನಡೆಯುತ್ತದೆ. ಎಲ್ಲವೂ ಬಿಸಿಲಿನಿಂದ. ಈ ಪತ್ರ ಆ ಬಿಸಿಲಿನ ಬಗ್ಗೆ.

ಮೊದಲು ಸರ್ಕಾರ ಕೊಟ್ಟದ್ದನ್ನು ಹೇಳಿಬಿಡುತ್ತೇನೆ, ಯಾಕೆಂದರೆ ಅದು ಸಣ್ಣದಲ್ಲ. ಕುಸುಮ್ ಬಿ ಯೋಜನೆಯಲ್ಲಿ ನಮಗೆ ಐದು ಎಚ್‌ಪಿ ಸೋಲಾರ್ ಪಂಪ್ ಸಿಕ್ಕಿದೆ. 2019ರಲ್ಲಿ ಕೇಂದ್ರ ಈ ಯೋಜನೆ ತಂದಾಗ ಕೇಂದ್ರದ್ದು ಶೇ 30, ರಾಜ್ಯದ್ದು ಶೇ 30, ರೈತನದ್ದು ಶೇ 40 ಎಂದಿತ್ತು. ಕರ್ನಾಟಕ ಸರ್ಕಾರ ತನ್ನ ಪಾಲನ್ನು ಶೇ 50ಕ್ಕೆ ಏರಿಸಿದ ಮೇಲೆ ನಮ್ಮ ಕೈಯಿಂದ ಹೋಗಬೇಕಾದದ್ದು ಶೇ 20 ಮಾತ್ರ. ಕಂಬದಿಂದ 500 ಮೀಟರಿಗಿಂತ ದೂರ ಇರುವ ಹೊಲಗಳಿಗೆ ಲೈನ್ ಎಳೆಯುವ ಬದಲು ಸೋಲಾರ್ ಪಂಪ್ ಕೊಡುವ ನಿರ್ಧಾರವೂ ಸರಿಯಾದದ್ದೇ. ಅದಕ್ಕೂ ಮೊದಲು ಲೈನ್ ಬೇಕೆಂದು ನಾವು ವಿಚಾರಿಸಿದಾಗ ಕಂಬ, ತಂತಿ, ಟಿಸಿ (ಟ್ರಾನ್ಸ್‌ಫಾರ್ಮರ್) ಎಲ್ಲ ನಿಮ್ಮದೇ ಖರ್ಚು ಎಂದಿದ್ದರು. ಆ ಮೊತ್ತ ಕೇಳಿ ನಮ್ಮ ಯಜಮಾನರು ಮಾತಾಡದೆ ಎದ್ದು ಬಂದಿದ್ದರು.

ಹಳೆಯ ಕಷ್ಟ ತಮಗೂ ಗೊತ್ತಿರುತ್ತದೆ. ಲೈನ್ ಇದ್ದವರಿಗೆ ದಿನಕ್ಕೆ ಏಳು ಗಂಟೆ ತ್ರೀ ಫೇಸ್. 2023ರ ಬರದಲ್ಲಿ ಅದು ಐದು ಗಂಟೆಗೆ ಇಳಿದಾಗ ರೈತರು ರಸ್ತೆಗೆ ಇಳಿದರು. ಸಿಂಗಲ್ ಫೇಸಿನಲ್ಲಿ ಕೆಪಾಸಿಟರ್ ಕಟ್ಟಿ ಮೋಟರ್ ಓಡಿಸಿ, ಮೋಟರೂ ಸುಟ್ಟು, ಟಿಸಿಯೂ ಸುಟ್ಟು, ಹೊಸ ಟಿಸಿ ಬರುವ ತನಕ ಇಡೀ ಸಾಲಿನ ತೋಟಗಳು ಒಣಗಿದ್ದನ್ನು ನಾನು ಕಂಡಿದ್ದೇನೆ. ನಮಗೆ ಈಗ ಆ ಗೋಳು ಇಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಸ್ಟಾರ್ಟರ್ ಒತ್ತಿದರೆ ಡ್ರಿಪ್ಪಿಗೆ ನೀರು ಹೋಗುತ್ತದೆ. ರಾತ್ರಿ ಟಾರ್ಚ್ ಹಿಡಿದು, ಹಾವು ಚೇಳಿಗೆ ಹೆದರಿ ಹೊಲಕ್ಕೆ ಓಡುವುದು ತಪ್ಪಿದೆ.

ಇಷ್ಟೆಲ್ಲ ಆದಮೇಲೂ ಪತ್ರ ಬರೆಯುತ್ತಿರುವುದಕ್ಕೆ ಕಾರಣ ಇದೆ. ಸರ್ಕಾರ ನಮಗೆ ಕೊಟ್ಟದ್ದು ಪಂಪು. ನಮಗೆ ಬೇಕಾಗಿದ್ದದ್ದು ಕರೆಂಟು. ಈ ಎರಡರ ನಡುವಿನ ಅಂತರ ಎಷ್ಟೆಂದು ನಮ್ಮ ಹೊಲದ ಲೆಕ್ಕದಲ್ಲೇ ಹೇಳುತ್ತೇನೆ.

ಐದು ಎಚ್‌ಪಿ ಪಂಪಿಗೆ ಹಾಕಿರುವ ಪ್ಯಾನಲ್‌ಗಳು ಒಟ್ಟು 4,800 ವ್ಯಾಟ್. ನಮ್ಮ ಬಯಲುಸೀಮೆಯ ಬಿಸಿಲಿಗೆ ಇವು ಬೇಸಿಗೆಯಲ್ಲಿ ದಿನಕ್ಕೆ ಸುಮಾರು 20 ಯೂನಿಟ್ ಕೊಡಬಲ್ಲವು. ಆದರೆ ದಾಳಿಂಬೆಯ ಸ್ವಭಾವ ಬೇರೆ. ಮೃಗಶಿರ ಮಳೆಯ ಹೊತ್ತಿಗೆ ಗಿಡ ಒಟ್ಟಿಗೇ ಹೂ ಬಿಡಬೇಕೆಂದರೆ ಅದಕ್ಕೂ ಮುಂಚೆ ಎರಡು ತಿಂಗಳು ನೀರು ನಿಲ್ಲಿಸಿ ಒಣಗಿಸಬೇಕು. ಅಂದರೆ ಯುಗಾದಿ ಕಳೆದು ಬಿಸಿಲು ನೆತ್ತಿ ಸುಡುವ ದಿನಗಳಲ್ಲೇ ನಮ್ಮ ಪಂಪ್ ಮಲಗಿರುತ್ತದೆ. ಕಾಲು ಎಕರೆ ಮೇವಿಗೆ ಅರ್ಧ ಗಂಟೆ ನೀರು ಬಿಟ್ಟರೆ ಆ ದಿನದ ಕೆಲಸ ಮುಗಿಯಿತು. ಆಮೇಲೆ ಮಳೆ ಬಿದ್ದ ದಿನಗಳು, ಹಣ್ಣು ಕಿತ್ತ ಮೇಲಿನ ದಿನಗಳು. ಎಲ್ಲ ಸೇರಿಸಿದರೆ ವರ್ಷದಲ್ಲಿ ನಾಲ್ಕು ತಿಂಗಳಾದರೂ ಪ್ಯಾನಲ್‌ಗಳಿಗೆ ಕೆಲಸವಿಲ್ಲ. ಬಿಸಿಲಿನ ದಿನಗಳ ಲೆಕ್ಕದಲ್ಲೇ ಹಿಡಿದರೆ 120 ದಿನಕ್ಕೆ 20 ಯೂನಿಟ್‌ನಂತೆ 2,400 ಯೂನಿಟ್. ನಮ್ಮ ಮನೆ, ಕೊಟ್ಟಿಗೆ ಎರಡಕ್ಕೂ ದಿನಕ್ಕೆ ಆರು ಯೂನಿಟ್ ಸಾಕು. ಇಡೀ ವರ್ಷಕ್ಕೆ 2,190. ಸರ್ಕಾರದ ದುಡ್ಡಿನಲ್ಲಿ ನಿಂತಿರುವ ಪ್ಯಾನಲ್‌ಗಳು ನಾಲ್ಕೇ ತಿಂಗಳಲ್ಲಿ ಸುಮ್ಮನೆ ಬಿಡುವ ಕರೆಂಟು ಹೆಚ್ಚುಕಡಿಮೆ ನಮ್ಮ ಇಡೀ ವರ್ಷದ ಬಳಕೆಯಷ್ಟು.

ನಮ್ಮ ಅತ್ತೆಗೆ ಓದು ಬರಹ ಬಾರದು. ಒಂದು ಮಧ್ಯಾಹ್ನ ಪ್ಯಾನಲ್ ನೆರಳಿನಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದವರು ಮೇಲೆ ನೋಡಿ ಹೇಳಿದರು: “ಇಷ್ಟು ಬಿಸ್ಲು ಸುಮ್ನೆ ಬಿದ್ದು ಹೋಗ್ತೈತಲ್ಲ ಕಣವ್ವ.” ನಾನು ಕಾಗದದ ಮೇಲೆ ಲೆಕ್ಕ ಹಾಕಿದ್ದು ಆ ಮಾತು ಕೇಳಿದ ಮೇಲೆ.

ಈ ಬಿಸಿಲನ್ನು ಬೇರೆ ಕೆಲಸಕ್ಕೆ ತಿರುಗಿಸುವ ಸಾಧನ ಹೊಸದೇನೂ ಅಲ್ಲ. ಯುನಿವರ್ಸಲ್ ಸೋಲಾರ್ ಪಂಪ್ ಕಂಟ್ರೋಲರ್ ಎಂದು ಅದಕ್ಕೆ ಹೆಸರು. ಪಂಪ್ ನಿಂತಾಗ ಅದೇ ಪ್ಯಾನಲ್‌ನಿಂದ ಮೇವು ಕತ್ತರಿಸುವ ಯಂತ್ರ, ಹಿಟ್ಟಿನ ಗಿರಣಿ, ಸಣ್ಣ ಶೀತಲ ಪೆಟ್ಟಿಗೆ ನಡೆಸಬಹುದು, ಬ್ಯಾಟರಿ ಚಾರ್ಜ್ ಮಾಡಬಹುದು. ಕೇಂದ್ರದ ಮಾರ್ಗಸೂಚಿಯೇ ಇದಕ್ಕೆ ಅವಕಾಶ ಕೊಟ್ಟಿದೆ. ಆದರೆ ನಮ್ಮ ಹೊಲಕ್ಕೆ ಬಂದದ್ದು ಪಂಪ್ ಒಂದನ್ನೇ ಓಡಿಸುವ ಕಂಟ್ರೋಲರ್. ಬೇರೆಯದು ಬೇಕೆಂದು ಕೇಳಿದರೆ, ನಮಗೆ ಬಂದಿರುವ ಆರ್ಡರಿನಲ್ಲಿ ಅದಿಲ್ಲ, ನೀವಾಗಿ ಬಿಚ್ಚಿದರೆ ವಾರಂಟಿ ಹೋಗುತ್ತದೆ ಎಂದರು ಪಂಪ್ ಹಾಕಿದವರು.

ಹೀಗಾಗಿ ಮನೆಗೆಂದೇ ಬೇರೆ ಪ್ಯಾನಲ್ ಹಾಕಿಸಿಕೊಂಡಿದ್ದೇವೆ. ಪಂಪಿನ ಪ್ಯಾನಲ್‌ಗಳಿಂದ ಮೂವತ್ತು ಹೆಜ್ಜೆ ದೂರದಲ್ಲಿ, ಕೊಟ್ಟಿಗೆಯ ಮೇಲೆ, ಮೂರು ಕಿಲೋವ್ಯಾಟ್. ಅದರ ಜೊತೆ ಬ್ಯಾಟರಿ. ಇದಕ್ಕೆ ಒಂದು ರೂಪಾಯಿ ಸಹಾಯಧನವಿಲ್ಲ.

ಬ್ಯಾಟರಿ ಯಾಕೆ ಬೇಕು ಎಂದು ಬೆಂಗಳೂರಿನ ಕಚೇರಿಯಲ್ಲಿ ಕೂತವರು ಕೇಳಬಹುದು. ಹಗಲು ಬಿಸಿಲಿದೆಯಲ್ಲ, ಹಗಲೇ ಕೆಲಸ ಮಾಡಿಕೊಳ್ಳಿ ಎನ್ನಬಹುದು. ನಮ್ಮ ಮನೆಯ ಒಂದು ಬೆಳಗನ್ನು ಹೇಳುತ್ತೇನೆ. ಡೈರಿಗೆ ಆರು ಗಂಟೆಗೆ ಹಾಲು ಹೋಗಬೇಕು. ಹಾಗಾಗಿ ಐದಕ್ಕೇ ಕರೆಯಲು ಕೂರಬೇಕು. ಮುಂಚೆ ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು ಕರೆಯುತ್ತಿದ್ದೆ. ನಾಲ್ಕು ಹಸು ಮುಗಿಸುವಷ್ಟರಲ್ಲಿ ಮುಂಗೈ ಮರಗಟ್ಟುತ್ತಿತ್ತು, ಹೆಬ್ಬೆರಳು ರಾತ್ರಿಯಲ್ಲೂ ಮಿಡಿಯುತ್ತಿತ್ತು. ಈಗ ಒಂದು ಎಚ್‌ಪಿಯ ಯಂತ್ರವಿದೆ. ಸ್ವಿಚ್ ಹಾಕಿದಾಗ ಮೋಟರ್ ಮೊದಲ ಎಳೆತಕ್ಕೆ ತನ್ನ ಮಾಮೂಲಿ ಕರೆಂಟಿನ ಐದಾರು ಪಟ್ಟು ಎಳೆಯುತ್ತದೆ. ಕೊಟ್ಟಿಗೆಯ ಬಲ್ಬು ಒಂದು ಕ್ಷಣ ಕುಗ್ಗಿ ಮತ್ತೆ ಬೆಳಗುತ್ತದೆ. ಅಷ್ಟು ಹೊತ್ತಿಗೆ ಪೂರ್ವದಲ್ಲಿ ಇನ್ನೂ ಬೆಳ್ಳಿ ಮೂಡಿರುವುದಿಲ್ಲ. ನಲವತ್ತು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ, ಅರ್ಧ ಯೂನಿಟ್ ಖರ್ಚಾಗುತ್ತದೆ. ಆ ಅರ್ಧ ಯೂನಿಟ್ ನಿನ್ನೆಯ ಬಿಸಿಲು. ಅದನ್ನು ರಾತ್ರಿಯಿಡೀ ಹಿಡಿದಿಟ್ಟದ್ದು ಬ್ಯಾಟರಿ. ಹೈನು ಮಾಡುವ ಹೆಂಗಸರ ಕೆಲಸ ಸೂರ್ಯ ಹುಟ್ಟುವ ಮುಂಚೆ ಶುರುವಾಗಿ ಸೂರ್ಯ ಮುಳುಗಿದ ಮೇಲೆ ಮುಗಿಯುತ್ತದೆ. ಬ್ಯಾಟರಿ ಇಲ್ಲದ ಸೋಲಾರ್ ಯೋಜನೆ ನಮ್ಮ ಕೈಗೆ ಎಟುಕುವುದಿಲ್ಲ.

ಬ್ಯಾಟರಿ ಎಂದರೆ ಕಾಳು ತುಂಬಿಡುವ ಹಗೇವಲ್ಲ ಎಂಬುದೂ ನಮಗೆ ಗೊತ್ತು. ವೈಶಾಖದ ಬಿಸಿಲನ್ನು ತುಂಬಿಟ್ಟು ಆಷಾಢಕ್ಕೆ ತೆಗೆಯಲಾಗದು. ಅದು ಹಾಲಿನ ಕ್ಯಾನಿದ್ದಂತೆ, ಸಂಜೆ ತುಂಬಿದ್ದು ಬೆಳಿಗ್ಗೆ ಖಾಲಿಯಾಗಬೇಕು. ನಮ್ಮ ಕಡೆ ಆಷಾಢದಲ್ಲಿ ಮಳೆಗಿಂತ ಮೋಡ, ಗಾಳಿಯೇ ಹೆಚ್ಚು. ಮಾರ್ಚಿನಲ್ಲಿ ದಿನಕ್ಕೆ ಹನ್ನೆರಡು, ಹದಿಮೂರು ಯೂನಿಟ್ ಕೊಡುವ ಮೂರು ಕಿಲೋವ್ಯಾಟ್ ಆ ದಿನಗಳಲ್ಲಿ ಐದಕ್ಕೆ ಇಳಿಯುತ್ತದೆ. ಆಗ ಗ್ರೈಂಡರ್ ಬಂದ್, ಟಿವಿ ಬಂದ್, ಫ್ರಿಜ್ ಕೂಡ ಕೆಲವು ದಿನ ಬಂದ್. ಹಾಲಿನ ಯಂತ್ರಕ್ಕೆ ಮೊದಲ ಪಾಲು. ಇದೇ ಜಾಗದಲ್ಲಿ ಪಂಪಿನ 4,800 ವ್ಯಾಟೂ ಕೈಗೆ ಸಿಕ್ಕಿದ್ದರೆ ಆಷಾಢವೂ ಆರಾಮವಾಗಿ ದಾಟುತ್ತಿತ್ತು, ಯಾಕೆಂದರೆ ಮೋಡದ ದಿನ ತೋಟಕ್ಕೆ ನೀರು ಬೇಕಾಗುವುದೂ ಕಡಿಮೆ.

ನಾವು ಈ ಬ್ಯಾಟರಿಯ ಪಾಠ ಕಲಿತದ್ದು ದುಡ್ಡು ಕಳೆದುಕೊಂಡು. 2017ರಲ್ಲಿ 150 ಎಎಚ್‌ನ ಎರಡು ಟ್ಯೂಬುಲರ್ ಬ್ಯಾಟರಿ ತಂದೆವು. ಲೇಬಲ್ಲಿನ ಲೆಕ್ಕಕ್ಕೆ ಎರಡೂ ಸೇರಿ 3.6 ಯೂನಿಟ್. ಆದರೆ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯಸ್ಸು ಕರಗುತ್ತದೆ ಎಂದು ಮಾರಿದವರು ಹೇಳಲಿಲ್ಲ. ತಗಡಿನ ಶೆಡ್ಡಿನಲ್ಲಿ ಇಟ್ಟಿದ್ದೆವು. ಬೇಸಿಗೆಯಲ್ಲಿ ಅಲ್ಲಿ ನಿಲ್ಲಲಾಗದ ಸೆಕೆ. ಸೆಕೆ ಏರಿದಷ್ಟೂ ಬ್ಯಾಟರಿ ಬೇಗ ಸಾಯುತ್ತದೆ ಎಂಬುದೂ ಗೊತ್ತಿರಲಿಲ್ಲ. ಡಿಸ್ಟಿಲ್ಡ್ ವಾಟರ್ ಹಾಕುವುದು ಒಂದೆರಡು ಸಲ ಮರೆತೆವು. ಮೂರನೇ ಬೇಸಿಗೆಗೆ ಎರಡೂ ಮುಗಿದವು. ಗುಜರಿಯವನು ತೂಕಕ್ಕೆ ಹಾಕಿಕೊಂಡು ಹೋದ. ಅದರೊಳಗಿನ ಸೀಸ ಎಲ್ಲಿ ಕರಗಿತೋ, ಯಾವ ಮಣ್ಣಿಗೆ ಸೇರಿತೋ ಎಂದು ಈಗ ಯೋಚಿಸಿದರೆ ಸಂಕಟವಾಗುತ್ತದೆ. ಹಳೆಯ ಬ್ಯಾಟರಿಯನ್ನು ತಯಾರಕರೇ ವಾಪಸ್ ಪಡೆದು ವಿಲೇವಾರಿ ಮಾಡಿಸಬೇಕೆಂದು 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಹೇಳುತ್ತವೆ. ಆ ವಾಪಸ್ ಪಡೆಯುವ ಕೇಂದ್ರ ನಮ್ಮ ಹೋಬಳಿಯಲ್ಲಿ ನನಗೆ ಕಂಡಿಲ್ಲ.

ಈಗ ಇರುವುದು ಐದು ಯೂನಿಟ್ ಹಿಡಿಯುವ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ. ನೀರು ಹಾಕುವ ಗೋಜಿಲ್ಲ, ಹೊಗೆಯಿಲ್ಲ, ಹಿಡಿದದ್ದರಲ್ಲಿ ಶೇ 80ರಷ್ಟನ್ನು ನಿಶ್ಚಿಂತೆಯಿಂದ ಬಳಸಬಹುದು. ಮೂರು ಸಾವಿರ ಸಲಕ್ಕೂ ಹೆಚ್ಚು ತುಂಬಿ ಖಾಲಿ ಮಾಡಬಹುದಾದದ್ದು, ಅಂದರೆ ಎಂಟು ಹತ್ತು ವರ್ಷ. ಅದಕ್ಕೆ ಕೊಟ್ಟದ್ದು ಒಂದು ಒಳ್ಳೆಯ ಮುರ್ರಾ ಎಮ್ಮೆಯ ಬೆಲೆ. ಅದರ ಮೇಲೆ ಜಿಎಸ್‌ಟಿ ಶೇ 18. 2025ರ ಸೆಪ್ಟೆಂಬರಿನಲ್ಲಿ ಸೋಲಾರ್ ಪ್ಯಾನಲ್ ಮೇಲಿನ ತೆರಿಗೆ ಶೇ 12ರಿಂದ 5ಕ್ಕೆ ಇಳಿದಾಗ ಖುಷಿಪಟ್ಟೆವು. ಬ್ಯಾಟರಿ ಮಾತ್ರ 18ರಲ್ಲೇ ಉಳಿಯಿತು. ಜಿಎಸ್‌ಟಿ ಮಂಡಳಿಯಲ್ಲಿ ನಮ್ಮ ರಾಜ್ಯಕ್ಕೂ ಕುರ್ಚಿಯಿದೆ. ಹೊಲದ ಸೋಲಾರ್ ಜೊತೆ ಹೋಗುವ ಬ್ಯಾಟರಿಯನ್ನೂ ಪ್ಯಾನಲ್‌ನ ಸಾಲಿಗೆ ಸೇರಿಸಿ ಎಂದು ಅಲ್ಲಿ ಕೇಳುವವರು ಬೇಕು.

ಸಚಿವರೇ, ಯೋಜನೆಗಳು ಕಡಿಮೆಯಿಲ್ಲ. ನಮಗೆ ತಾಗದೆ ಪಕ್ಕದಲ್ಲೇ ಹಾದುಹೋಗುತ್ತವೆ, ಅಷ್ಟೆ. 2023ರಲ್ಲಿ ಗೃಹಜ್ಯೋತಿ ಬಂತು, ತಿಂಗಳಿಗೆ 200 ಯೂನಿಟ್‌ವರೆಗೆ ಉಚಿತ. ಅರ್ಜಿಗೆ ಕರೆಂಟು ಬಿಲ್ಲಿನ ಖಾತೆ ಸಂಖ್ಯೆ ಬೇಕು, ನಮ್ಮಲ್ಲಿ ಬಿಲ್ಲೇ ಇಲ್ಲ. 2024ರ ಫೆಬ್ರುವರಿಯಲ್ಲಿ ಪಿಎಂ ಸೂರ್ಯಘರ್ ಬಂತು. ಮೂರು ಕಿಲೋವ್ಯಾಟ್‌ಗೆ 78,000 ರೂಪಾಯಿ ಸಹಾಯಧನ, ಆದರೆ ಲೈನಿಗೆ ಜೋಡಿಸಿದ ಚಾವಣಿಗೆ ಮಾತ್ರ. ಪೇಟೆಯಲ್ಲಿ 24 ಗಂಟೆ ಕರೆಂಟು ಇರುವ ಮನೆಯ ಮೂರು ಕಿಲೋವ್ಯಾಟ್‌ಗೆ ಸಿಗುವ ನೆರವು, ಕರೆಂಟೇ ಇಲ್ಲದ ನಮ್ಮ ಮೂರು ಕಿಲೋವ್ಯಾಟ್‌ಗೆ ಇಲ್ಲ. ಇನ್ನು 2023ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಂಪುಟ ದೊಡ್ಡ ದೊಡ್ಡ ಬ್ಯಾಟರಿ ಸ್ಥಾವರಗಳಿಗೆ ಬಂಡವಾಳದ ಶೇ 40ರವರೆಗೆ ನೆರವು ಕೊಡಲು ಒಪ್ಪಿತು, 4,000 ಮೆಗಾವ್ಯಾಟ್ ಅವರ್ ಗುರಿಯಿಟ್ಟು. ಅದು ತಪ್ಪೆನ್ನುವುದಿಲ್ಲ, ದೇಶಕ್ಕೆ ಬೇಕಾದದ್ದೇ. ಆದರೆ ಕಂಪನಿಯ ಬ್ಯಾಟರಿಗೆ ಸಲ್ಲುವ ನ್ಯಾಯ ಕೊಟ್ಟಿಗೆಯ ಬ್ಯಾಟರಿಗೂ ಸಲ್ಲಬೇಕು.

ನಾವು ಲೈನ್ ಕೇಳದೆ ಇರುವುದರಿಂದ ಸರ್ಕಾರಕ್ಕೆ ಉಳಿಯುವುದನ್ನೂ ನೋಡಬೇಕು. ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತ. ನಮ್ಮ ಐದು ಎಚ್‌ಪಿ ಲೈನಿನಲ್ಲಿದ್ದು ಏಳು ಗಂಟೆ ಓಡಿದ್ದರೆ ದಿನಕ್ಕೆ 26 ಯೂನಿಟ್. ವರ್ಷದಲ್ಲಿ 200 ದಿನ ಎಂದರೂ 5,200 ಯೂನಿಟ್. ಪ್ರತಿ ವರ್ಷ ಸರ್ಕಾರ ಕೊಂಡು ನಮಗೆ ಉಚಿತವಾಗಿ ಕೊಡಬೇಕಿದ್ದ ಕರೆಂಟು ಅದು. ಆ ಉಳಿತಾಯದ ಎರಡು ಮೂರು ವರ್ಷದ ಪಾಲನ್ನು ಒಂದು ಸಲ ಬ್ಯಾಟರಿಗೆ, ಸರಿಯಾದ ಕಂಟ್ರೋಲರಿಗೆ ಕೊಟ್ಟರೆ ನಮ್ಮಂಥ ಮನೆಗಳು ಮತ್ತೆ ಕೈಚಾಚಬೇಕಾಗಿಲ್ಲ.

ಇಷ್ಟು ಕೇಳುವಾಗ ಒಂದು ಭಯವನ್ನೂ ಹೇಳಲೇಬೇಕು, ಯಾಕೆಂದರೆ ಅದನ್ನು ಮುಚ್ಚಿಟ್ಟರೆ ನಾಳೆ ಇನ್ನೊಬ್ಬರ ಕೈ ಸುಡುತ್ತದೆ. ಪಂಪಿನ ಪ್ಯಾನಲ್ ವ್ಯರ್ಥವಾಗುತ್ತಿದೆ ಎಂದು ನಮ್ಮ ಮೈದುನ ಒಂದು ಮಧ್ಯಾಹ್ನ ಅದರಿಂದ ಒಂದು ಎಳೆ ಮನೆಗೆ ತರಲು ಹೋದ. ಮನೆಯ ವೈರಿಂಗ್ ಚೆನ್ನಾಗಿ ಬಲ್ಲ ಹುಡುಗ. ಪಂಪ್ ಓಡುತ್ತಿತ್ತು. ಮೇನ್ ಸ್ವಿಚ್ ಆರಿಸದೆ ಪ್ಯಾನಲ್ ಕೇಬಲ್ಲಿನ ಕನೆಕ್ಟರ್ ಎಳೆದ. ಚಟ್ ಎಂದು ನೀಲಿ ಬೆಂಕಿ. ಮನೆ ಕರೆಂಟಿನ ಕಿಡಿಯಾದರೆ ಆರಿಹೋಗುತ್ತದೆ, ಯಾಕೆಂದರೆ ಆ ಕರೆಂಟು ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬಂದು ಹೋಗುತ್ತದೆ. ಪ್ಯಾನಲ್‌ನದು ಡಿಸಿ, ಒಂದೇ ದಿಕ್ಕಿಗೆ ಹರಿಯುವಂಥದ್ದು. ಸಾಲಾಗಿ ಜೋಡಿಸಿದ ಪ್ಯಾನಲ್‌ಗಳಲ್ಲಿ ನೂರಾರು ವೋಲ್ಟ್. ತುದಿಗಳು ದೂರ ಸರಿದರೂ ಬೆಂಕಿ ಎಳೆಯಾಗಿ ಹಿಗ್ಗುತ್ತಾ ಹೋಯಿತು, ಬಿಡಲಿಲ್ಲ. ಪ್ಲಾಸ್ಟಿಕ್ ಕರಗಿ ಅಂಗೈಗೆ ಅಂಟಿತು. ಒಣ ಗೋಣಿಚೀಲ ಕೈಗೆ ಸುತ್ತಿಕೊಂಡು ನಮ್ಮ ಯಜಮಾನರು ಸ್ವಿಚ್ ಕೆಳಗೆ ಎಳೆದ ಮೇಲೆ ನಿಂತಿತು. ಎರಡು ತಿಂಗಳು ಅವನಿಗೆ ಆ ಕೈಯಲ್ಲಿ ಕುಡುಗೋಲು ಹಿಡಿಯಲಾಗಲಿಲ್ಲ. ಬಿಸಿಲಿರುವಷ್ಟು ಹೊತ್ತು ಪ್ಯಾನಲ್ ಕರೆಂಟು ಹುಟ್ಟಿಸುತ್ತಲೇ ಇರುತ್ತದೆ, ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡರೆ ಮುಗಿಯಿತು ಎನ್ನುವ ಹಾಗಿಲ್ಲ ಎಂಬುದನ್ನು ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಪಂಪ್ ಕೂರಿಸಲು ಬಂದ ಹುಡುಗರು ಎರಡು ಗಂಟೆಯಲ್ಲಿ ಕೆಲಸ ಮುಗಿಸಿ, ಫೋಟೊ ತೆಗೆದುಕೊಂಡು, ಸಹಿ ಹಾಕಿಸಿಕೊಂಡು ಹೋಗಿದ್ದರು.

ಅದೇ ಪಂಪಿನ ಕಂಟ್ರೋಲರ್ ಹೂ ಕಟ್ಟುವ ಹೊತ್ತಿನಲ್ಲಿ ಕೆಟ್ಟಾಗ ರಿಪೇರಿಯವರು ಬರಲು ಒಂದು ತಿಂಗಳಿಗೂ ಹೆಚ್ಚು ಹಿಡಿಯಿತು. ಐದು ವರ್ಷದ ನಿರ್ವಹಣೆ ಕಾಗದದಲ್ಲಿದೆ. ದಿನಕ್ಕೆರಡು ಸಲ ಫೋನು ಮಾಡುತ್ತಿದ್ದೆವು. ಟ್ಯಾಂಕರ್ ನೀರು ಹೊಡೆಸಿ ಗಿಡ ಉಳಿಸಿಕೊಂಡೆವು, ಹೂವು ಅರ್ಧಕ್ಕರ್ಧ ಉದುರಿತು. ಯಾರ ಹೆಸರೂ ಹೇಳಲು ನನಗೆ ಇಷ್ಟವಿಲ್ಲ. ಬಂದ ಹುಡುಗ ಪಾಪ ಮೂರು ಜಿಲ್ಲೆಗೆ ಒಬ್ಬನೇ ಅಂತೆ. ತಾಲ್ಲೂಕಿಗೆ ಇಬ್ಬರಾದರೂ ಡಿಸಿ ಮತ್ತು ಬ್ಯಾಟರಿ ಕೆಲಸ ಬಲ್ಲ ಮೆಕ್ಯಾನಿಕ್‌ಗಳು ಬೇಕು. ಕೇಂದ್ರ ಸರ್ಕಾರದ ಸೂರ್ಯಮಿತ್ರ ಎಂಬ ಸೋಲಾರ್ ತರಬೇತಿ ಇದೆ, ನಮ್ಮ ಐಟಿಐಗಳಿವೆ. ಅಲ್ಲಿಂದ ಹೊರಬರುವ ಹುಡುಗ ಹುಡುಗಿಯರಿಗೆ ಬಿಡಿಭಾಗಗಳ ಒಂದು ಅಂಗಡಿ ತಾಲ್ಲೂಕಿನಲ್ಲೇ ಸಿಕ್ಕರೆ ಊರಲ್ಲೇ ಬದುಕು ಆಗುತ್ತದೆ. ಪಂಪಿನ ಜೊತೆ ಮನೆಯವರಿಗೆ, ಅದರಲ್ಲೂ ಹೆಂಗಸರಿಗೆ, ಒಂದು ದಿನ ಪೂರ್ತಿ ಕೂರಿಸಿ ಯಾವುದನ್ನು ಮುಟ್ಟಬೇಕು, ಯಾವುದನ್ನು ಮುಟ್ಟಬಾರದು ಎಂದು ಕನ್ನಡದಲ್ಲಿ ತೋರಿಸಿಕೊಡಬೇಕು. ಇದಕ್ಕೆ ಹೆಚ್ಚು ಖರ್ಚೂ ಇಲ್ಲ.

ಕರ್ನಾಟಕಕ್ಕೆ ಇದು ಅಸಾಧ್ಯದ ಕೆಲಸವೇನಲ್ಲ. 1995ರಲ್ಲೇ ಸೆಲ್ಕೋ ಸಂಸ್ಥೆ ಬಡವರ ಮನೆಗೆ ಬ್ಯಾಂಕ್ ಸಾಲದ ಮೇಲೆ ಸೋಲಾರ್ ದೀಪ ಕೊಡಬಹುದು ಎಂದು ಈ ನಾಡಿನಲ್ಲೇ ಕೆಲಸ ಶುರುಮಾಡಿತು. ಅದರ ಸಹಸಂಸ್ಥಾಪಕ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ನಮ್ಮಲ್ಲಿಂದ ಅಷ್ಟೇನೂ ದೂರವಲ್ಲದ ಪಾವಗಡದಲ್ಲಿ 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇದೆ. ನಮ್ಮಂಥದೇ ಬರದ ಸೀಮೆಯ ರೈತರು ಗುತ್ತಿಗೆಗೆ ಕೊಟ್ಟ ನೆಲ ಅದು. ಆ ಬಿಸಿಲು ಎಲ್ಲೆಲ್ಲಿಯ ದೀಪಗಳನ್ನೋ ಬೆಳಗುತ್ತದೆ. ಅದೇ ಬಿಸಿಲಿನ ಸೀಮೆಯ ಒಂಟಿ ಮನೆಗಳನ್ನು ಮರೆಯಬೇಡಿ ಎಂದಷ್ಟೇ ಕೇಳುತ್ತಿದ್ದೇನೆ.

ಮುಂದಿನ ಟೆಂಡರ್ ಕರೆಯುವಾಗ 500 ಮೀಟರಿನಾಚೆಯ ಹೊಲಗಳಿಗೆ ಹೋಗುವ ಪ್ರತಿ ಪಂಪಿನ ಜೊತೆ ಯುನಿವರ್ಸಲ್ ಕಂಟ್ರೋಲರ್ ಕಡ್ಡಾಯ ಮಾಡಿ. ಹೊಲದಲ್ಲೇ ವಾಸವಿರುವ, ಮೀಟರಿಲ್ಲದ ಕುಟುಂಬಕ್ಕೆ ಐದು ಯೂನಿಟ್‌ನ ಒಂದು ಬ್ಯಾಟರಿ ಮತ್ತು ಇನ್ವರ್ಟರನ್ನು ಪಂಪಿನದೇ ಲೆಕ್ಕದಲ್ಲಿ, ಶೇ 20 ರೈತರ ಪಾಲಿನ ಮೇಲೆ ಕೊಡಿ. ಈಗಾಗಲೇ ಪಂಪ್ ಪಡೆದವರಿಗೆ ಕಂಟ್ರೋಲರ್ ಬದಲಿಸಿಕೊಳ್ಳಲು, ವಾರಂಟಿ ಕಳೆದುಕೊಳ್ಳದೆ, ಒಂದು ದಾರಿ ಮಾಡಿಕೊಡಿ. ಎಷ್ಟು ಕುಟುಂಬಗಳು ಹೀಗಿವೆ ಎಂದು ತಿಳಿಯಲು ಹೊಸ ಸಮೀಕ್ಷೆಯೂ ಬೇಕಾಗಿಲ್ಲ. ಸೌರಮಿತ್ರ ಪೋರ್ಟಲ್‌ನಲ್ಲಿ ಪಂಪಿಗೆ ಅರ್ಜಿ ಹಾಕುವವರಿಗೆ ‘ಹೊಲದಲ್ಲೇ ಮನೆ ಇದೆಯೇ, ಮೀಟರ್ ಇದೆಯೇ’ ಎಂದು ಎರಡು ಪ್ರಶ್ನೆ ಹೆಚ್ಚಿಗೆ ಕೇಳಿದರೆ ಸಾಕು.

2022ರಲ್ಲಿ ನಮ್ಮ ಮಾರಿಕಣಿವೆ (ವಾಣಿವಿಲಾಸ ಸಾಗರ) ಜಲಾಶಯ 1933ರ ನಂತರ ಮೊದಲ ಬಾರಿಗೆ ಕೋಡಿ ಬಿದ್ದಾಗ ನಾವು ಮನೆಮಂದಿಯೆಲ್ಲ ಹೋಗಿ ನೋಡಿ ಬಂದೆವು. ಅತ್ತೆ ನೀರಿಗೆ ಅರಿಶಿನ ಕುಂಕುಮ ಹಾಕಿ ಕೈಮುಗಿದರು. ನಮ್ಮ ಹೊಲಕ್ಕೆ ಮಾರಿಕಣಿವೆಯ ನಾಲೆ ಬರುವುದಿಲ್ಲ. ಆದರೂ ನಮ್ಮ ಬೋರಿನಲ್ಲಿ ನೀರು ಮೇಲೆ ಬಂತು, ಬತ್ತಿದ್ದ ಪಕ್ಕದ ಬೋರುಗಳಲ್ಲೂ ಬಂತು.

ಯುಗಾದಿ ಕಳೆದು ದಾಳಿಂಬೆಗೆ ನೀರು ನಿಲ್ಲಿಸುವ ದಿನಗಳಲ್ಲಿ, ಮಧ್ಯಾಹ್ನ ಹನ್ನೆರಡರ ಹೊತ್ತಿಗೆ, ತಾವಾಗಲಿ ತಮ್ಮ ಅಧಿಕಾರಿಗಳಾಗಲಿ ನಮ್ಮ ಹೊಲಕ್ಕೆ ಬನ್ನಿ. ಪಂಪಿನ ಪ್ಯಾನಲ್‌ಗಳ ಕೆಳಗೆ ನೆರಳಿರುತ್ತದೆ. ಮಜ್ಜಿಗೆ ಕೊಡುತ್ತೇನೆ. ಬೆಳಗಿನ ಐದಕ್ಕೆ ಬರಲು ಆದರೆ ಇನ್ನೂ ಒಳ್ಳೆಯದು, ಕೊಟ್ಟಿಗೆಯಲ್ಲಿ ದೀಪ ಹಾಕಿರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಹಿರಿಯೂರು ತಾಲ್ಲೂಕಿನ ಒಬ್ಬ ರೈತ ಮಹಿಳೆ